ಮಿಲಿಟರಿ ಬೈನರಿ ಮೆಸೇಜ್ ಡಿಕೋಡ್ ಮಾಡಿ ಜನ ಚೆಕ್ ಮಾಡೋ ತರ ತೋರ್ಸೋಕೆ ಜೆಸನ್ ಒಳ್ಳೇದಾ, ಎಕ್ಸ್‌ಎಂಎಲ್ ಒಳ್ಳೇದಾ?

ಎರಡೂ ಡೇಟಾನ ಓದೋಕಾಗೋ ಟೆಕ್ಸ್ಟ್ ಆಗಿ ಬರ್ಯೋ ರೀತಿಗಳಷ್ಟೇ, ಯಾವ್ದಾದ್ರೂ ಹಾಕ್ಕೊಳ್ಳಿ, ನಿಮ್ಮ ತೊಂದರೆ ಅಲ್ಲಿಲ್ಲ. ನಾನೂ ಇದೇ ಪ್ರಶ್ನೆ ಹಿಡ್ಕೊಂಡು ಎರಡು ವಾರ ಕಳ್ದಿದ್ದೆ.

ಆಗ ಸುಂಟಿಕೊಪ್ಪದ ಹತ್ರ ನಮ್ಮನೇಲೇ ಕೂತು ಬೆಂಗಳೂರಿನ ಒಂದು ಸಣ್ಣ ಕಂಪ್ನಿಗೆ ವಿಎಂಎಫ್ ಡಿಕೋಡರ್ ಬರೀತಿದ್ದೆ, ಜುಲೈ ಮಳೆ, ಕರೆಂಟ್ ಹೋದ್ರೆ ಎರಡು ದಿನ ಬರ್ತಿರ್ಲಿಲ್ಲ. ನನ್ನ ಹತ್ರ ಇದ್ದಿದ್ದು ಬರೀ ಟೆಸ್ಟ್ ಡೇಟಾ. ವಿಎಂಎಫ್ ಅಂದ್ರೆ ಅಮೆರಿಕ ಸೇನೆಯವರ ಮೆಸೇಜ್ ಫಾರ್ಮ್ಯಾಟ್, ಮಿಲ್-ಸ್ಟ್ಯಾಂಡರ್ಡ್ 6017, ಅದ್ರಲ್ಲಿ ಜಾಗ ಉಳಿಸ್ಬೇಕು ಅಂತ ಎಲ್ಲಾನೂ ಬಿಟ್ (ಒಂದು 0 ಅಥವಾ 1) ಲೆಕ್ಕದಲ್ಲೇ ತುಂಬ್ತಾರೆ. ಫೀಲ್ಡ್ ಅಂದ್ರೆ ಎತ್ತರ, ವೇಗದಂಥ ಒಂದೊಂದು ಮಾಹಿತಿ; ಐಚ್ಛಿಕ ಫೀಲ್ಡ್ ಆದ್ರೆ ಅದರ ಮುಂದೆ ಒಂದೇ ಒಂದು ಬಿಟ್ ಇರುತ್ತೆ, ಫೀಲ್ಡ್ ಇದೆಯಾ ಇಲ್ವಾ ಅಂತ ಹೇಳೋಕೆ, ಎಫ್‌ಪಿಐ ಅಂತಾರೆ. ಅದು 1 ಇದ್ರೆ ಹಿಂದೆನೇ ಫೀಲ್ಡ್ ಬರುತ್ತೆ, 0 ಇದ್ರೆ ಫೀಲ್ಡೇ ಇಲ್ಲ. ಹಂಗಾಗಿ ಯಾವ ಫೀಲ್ಡ್‌ಗೂ ಇದೇ ಜಾಗ ಅಂತ ಇಲ್ಲ, ಮೊದಲಿಂದ ಎಣಿಸ್ಕೊಂಡೇ ಬರ್ಬೇಕು.

ನಾನ್ ಮಾಡಿದ ತಪ್ಪು ಇದು, ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ. ಪೊಸಿಷನ್ ಮೆಸೇಜಿನಲ್ಲಿ ಯಾವ ಫೀಲ್ಡ್ ಯಾವ ಕ್ರಮದಲ್ಲಿ ಬರುತ್ತೆ ಅನ್ನೋ ಟೇಬಲ್ ಟೈಪ್ ಮಾಡೋವಾಗ ಎತ್ತರದ ಫೀಲ್ಡನ್ನ ಕಡ್ಡಾಯ ಅಂತ ಹಾಕ್ಬಿಟ್ಟೆ, ಅಂದ್ರೆ ಅದಕ್ಕಿಂತ ಮುಂಚೆ ಬರೋ ಎಫ್‌ಪಿಐ ಬಿಟ್ಟೇ ಹೋಯ್ತು. ಎನ್‌ಕೋಡರ್ ಡಿಕೋಡರ್ ಎರಡೂ ಅದೇ ಟೇಬಲ್ ಓದ್ತಿದ್ವು. ನನ್ನ ಎನ್‌ಕೋಡರ್ ಬರ್ದಿದ್ದನ್ನ ನನ್ನ ಡಿಕೋಡರ್ ಓದ್ತು, ಸಾವಿರಾರು ಮೆಸೇಜ್, ಎಲ್ಲಾ ಪಾಸ್! ತಪ್ಪು ಎರಡೂ ಕಡೆ ಒಂದೇ ಆಗಿದ್ರೆ ಟೆಸ್ಟ್‌ಗೆ ಹೆಂಗೆ ಗೊತ್ತಾಗ್ಬೇಕು?

ಆಮೇಲೆ ಬೇರೆ ಕಂಪ್ನಿಯ ರೇಡಿಯೋದಿಂದ ಮೆಸೇಜ್ ಬಂತು. ಅವರು ಕಳ್ಸಿದ ಎತ್ತರ 585 ಮೀಟರ್, ಬೈನರಿಲಿ 1001001001. ವಿಎಂಎಫ್‌ನಲ್ಲಿ ಫೀಲ್ಡಿನ ಕೆಳಗಿನ ಬಿಟ್ ಮೊದ್ಲು ಬರುತ್ತೆ, ನನ್ನ ಡಿಕೋಡರ್ ಎಫ್‌ಪಿಐನ 1 ಅನ್ನೇ ಎತ್ತರದ ಮೊದಲ ಬಿಟ್ ಅಂತ ತಗೊಂಡು ಮಿಕ್ಕಿದ್ದನ್ನ ಒಂದು ಮನೆ ಮೇಲಕ್ಕೆ ತಳ್ತು, 10010010011 ಆಯ್ತು, ಅಂದ್ರೆ 1171. ಮಡಿಕೇರಿ ಇರೋದೇ ಸುಮಾರು 1,170 ಮೀಟರ್ ಎತ್ತರದಲ್ಲಿ. ಹುಟ್ಟಿದಾಗಿಂದ ಕೇಳಿದ ನಂಬರ್, ಕಣ್ಣಿಗೆ ಸಹಜವಾಗಿ ಕಾಣ್ತು, ಮುಂದಕ್ಕೆ ಹೋದೆ. ಎತ್ತರದ ಫೀಲ್ಡ್ ಅಗಲ ಜಾಸ್ತಿ, ಮೇಲಿನ ಬಿಟ್ ಸೊನ್ನೆ, ಅದನ್ನ ಡಿಕೋಡರ್ ಮುಂದಿನ ಫೀಲ್ಡಿನ ಎಫ್‌ಪಿಐ ಅಂತ ಓದಿ "ಫೀಲ್ಡ್ ಇಲ್ಲ" ಅಂತು, ನಿಜಕ್ಕೂ ಇರ್ಲಿಲ್ಲ. ಕೊನೇಲಿ ಒಂದು ಸೊನ್ನೆ ಹೆಚ್ಚಿಗೆ ಉಳೀತು, ಬೈಟ್ ತುಂಬೋಕೆ ಹಾಕೋ ಪ್ಯಾಡಿಂಗ್ ಜೊತೆ ಅದೂ ಸೇರ್ಕೊಂಡ್ತು. ಎರರ್ ಅಂತ ಒಂದೂ ಬರ್ಲಿಲ್ಲ. ನನ್ನ ಜೆಸನ್ ಮಾತ್ರ ತುಂಬಾ ಚೆನ್ನಾಗಿ ಕಾಣ್ತಿತ್ತು.

ಡೆಮೋಗೆ ಬಂದಿದ್ದವರಲ್ಲಿ ಸೇನೆಯ ಸಿಗ್ನಲ್ಸ್‌ನಲ್ಲಿ ಸುಬೇದಾರ್ ಆಗಿ ರಿಟೈರ್ ಆದ ಒಬ್ರು ಇದ್ರು, ನಮ್ಮ ಕೊಡಗಿನವರೇ. ವೈರ್‌ಲೆಸ್‌ನಲ್ಲಿ ಅಂಕಿನ ಒಂದೊಂದಾಗಿ ವಾಪಸ್ ಓದಿಸ್ಕೊಂಡೇ ನಂಬ್ತಿದ್ದ ಕಾಲದವರು. ಸ್ಕ್ರೀನ್ ನೋಡಿ "ಈ 1171 ಯಾವ ಬಿಟ್ಟಿಂದ ಬಂತು, ತೋರ್ಸು" ಅಂದ್ರು. ತೋರ್ಸೋಕೆ ನನ್ನ ಟೂಲ್‌ನಲ್ಲಿ ಏನೂ ಇರ್ಲಿಲ್ಲ. ಅವರೇ ಮೆಸೇಜಿನ ಹೆಕ್ಸ್ ಪ್ರಿಂಟ್ (ನಾಲ್ಕ್ನಾಲ್ಕು ಬಿಟ್‌ಗೆ ಒಂದೊಂದು ಅಕ್ಷರ) ತಗೊಂಡು, ಚೌಕಳಿ ಪುಸ್ತಕದಲ್ಲಿ ಮನೆಗೊಂದು ಬಿಟ್ ಬರ್ದು, ಸ್ಟ್ಯಾಂಡರ್ಡಿನ ಹಾಳೆ ಪಕ್ಕದಲ್ಲಿಟ್ಟು ಪೆನ್ಸಿಲ್ಲಲ್ಲಿ ಗೆರೆ ಎಳೀತಾ ಬಂದ್ರು. ಇಪ್ಪತ್ತು ನಿಮಿಷ. ಎತ್ತರದ ಹತ್ರ ಪೆನ್ಸಿಲ್ ನಿಂತಿತು. ಮುಂದಿನ ಹಂತದ ಕೆಲ್ಸ ನಮ್ಮ ಕಂಪ್ನಿಗೆ ಸಿಗ್ಲಿಲ್ಲ, ಆ ಮಾಡ್ಯೂಲ್ ನನ್ನ ಕೈಯಿಂದ ಹೋಯ್ತು.

ಅದಕ್ಕೇ ಹೇಳ್ತಿರೋದು, ಚೆಕ್ ಮಾಡೋ ಅಧಿಕಾರಿಗಳಿಗೆ ಬರೀ ಫೀಲ್ಡಿನ ಹೆಸರು, ಅದರ ವ್ಯಾಲ್ಯೂ ತೋರ್ಸಿ ಚೆಕ್ ಮಾಡಿ ಅಂದ್ರೆ ಅವರು ನಿಮ್ಮ ಡಿಕೋಡರನ್ನ ನಂಬ್ತಾರೆ ಅಷ್ಟೇ, ಮೆಸೇಜನ್ನ ಚೆಕ್ ಮಾಡಿದಂಗೆ ಆಗಲ್ಲ. ಪ್ರತಿ ಸಾಲಲ್ಲೂ ಎಷ್ಟನೇ ಬಿಟ್ಟಿಂದ ಶುರು, ಬಂದ ಬಿಟ್‌ಗಳು ಇದ್ದಂಗೇ, ಅದರ ಪೂರ್ಣಾಂಕ, ಆಮೇಲೆ ಯೂನಿಟ್ ಸಮೇತ ವ್ಯಾಲ್ಯೂ, ಇಷ್ಟೂ ಅಕ್ಕಪಕ್ಕ ಇರ್ಲಿ. ಎಫ್‌ಪಿಐಗೂ ಒಂದು ಸಾಲು ಕೊಡಿ, 0 ಇದ್ರೂ ಕೊಡಿ. ಕೊನೇಲಿ ಉಳಿದ ಬಿಟ್ ಎಷ್ಟು ಅಂತ ದಪ್ಪಕ್ಷರದಲ್ಲಿ ತೋರ್ಸಿ. ಟೆಸ್ಟ್ ಮೆಸೇಜ್‌ಗಳನ್ನ ನಿಮ್ಮ ಕೋಡ್ ನೋಡದ ಇನ್ನೊಬ್ರ ಹತ್ರ ಸ್ಟ್ಯಾಂಡರ್ಡ್ ಓದಿ ಕೈಯಲ್ಲೇ ಬರೆಸಿ, ಇದೊಂದನ್ನ ಮಾತ್ರ ಬಿಡ್ಲೇಬೇಡಿ.

ಕೈ ಪಳಗೋಕೆ ಹಡಗುಗಳು ತಾವು ಎಲ್ಲಿದ್ದೀವಿ ಅಂತ ರೇಡಿಯೋದಲ್ಲಿ ಕಳ್ಸೋ ಎಐಎಸ್ ಮೆಸೇಜ್ ತಗೊಳ್ಳಿ, ಅದು ಎಲ್ರಿಗೂ ಓಪನ್. ಪೊಸಿಷನ್ ರಿಪೋರ್ಟ್ 168 ಬಿಟ್, ವೇಗ 10 ಬಿಟ್, ಅಕ್ಷಾಂಶ 27 ಬಿಟ್, 600000ರಿಂದ ಭಾಗಿಸಿದ್ರೆ ಡಿಗ್ರಿ. ವೇಗದಲ್ಲಿ 1023 ಬಂದ್ರೆ ಅದು 102.3 ನಾಟ್ ಅಲ್ಲ, "ಮಾಹಿತಿ ಇಲ್ಲ" ಅಂತ ಅರ್ಥ. ಮಂಗಳೂರು ಬಂದರಿನ ಹಡಗುಗಳನ್ನೇ ನೋಡ್ತಿದ್ರೆ ಅಕ್ಷಾಂಶ ರೇಖಾಂಶ ಎರಡೂ ಪಾಸಿಟಿವ್, ಮೈನಸ್ ಓದೋದ್ರಲ್ಲಿ ತಪ್ಪಿದ್ರೆ ಕಾಣೋದೇ ಇಲ್ಲ, ಅದಕ್ಕೆ ಬ್ರೆಜಿಲ್ ಕಡೇದೂ ನಾಲ್ಕು ಸೇರಿಸ್ಕೊಳ್ಳಿ.

ಕೆಲಸದ ಮೆಸೇಜ್ ಯಾವ್ದನ್ನೂ ಇಲ್ಲಿ ಹಾಕ್ಬೇಡಿ. ಎಐಎಸ್‌ದು ಬಿಟ್ ಸಮೇತ ಹಾಕಿ, ನಾನು ಕೂತು ಎಣಿಸಿ ನೋಡ್ತೀನಿ.