ಹೊಸ್ತಿಲಾಚೆ ನಿಂತ ಹುಡುಗರು

ಮಾರ್ಮನ್ ಪಂಥದ ಯುವ ಪ್ರಚಾರಕರ ಕುರಿತು ಬಂದ ಮೂರು ಪತ್ರಗಳಿಗೆ ಈ ಬಾರಿಯ ‘ಓದುಗರ ಪ್ರಶ್ನೆ’ ಪುಟವನ್ನು ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ನಿವೃತ್ತ ಶಿಕ್ಷಕಿ. ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಪ್ರೆಸ್ಟನ್‌ಗೆ ಹೋಗಿ, ಐದು ತಿಂಗಳಿದ್ದು, ಈಚೆಗೆ ಮರಳಿದೆ. ಅಲ್ಲಿ ಒಂದು ಮಧ್ಯಾಹ್ನ ಮಗಳು, ಅಳಿಯ ಇಬ್ಬರೂ ಮಗುವನ್ನು ಚುಚ್ಚುಮದ್ದಿಗೆ ಕರೆದೊಯ್ದಿದ್ದಾಗ, ಬಿಳಿ ಅಂಗಿ, ಟೈ ತೊಟ್ಟು ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಧರಿಸಿದ್ದ ಇಬ್ಬರು ಹುಡುಗರು ಬಾಗಿಲು ತಟ್ಟಿದರು. ಹೊರಗೆ ಮಳೆ ಸುರಿಯುತ್ತಿತ್ತು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಚಹಾ ಮಾಡಿ ತಂದರೆ ಬೇಡವೆಂದರು. ಒಬ್ಬನಿಗೆ ಹತ್ತೊಂಬತ್ತು ವರ್ಷವಂತೆ, ಇಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಮೊಮ್ಮಗನ ಓರಗೆಯವನು. ಎರಡು ವರ್ಷ ಮನೆಗೆ ಹೋಗುವಂತಿಲ್ಲ ಎಂದ. ಮುಂದಿನ ವಾರ ಅವರು ಮತ್ತೆ ಬಂದಾಗ ಮಗಳು ಬಾಗಿಲು ತೆರೆಯಬೇಡ ಎಂದಳು. ನಾನು ಕಿಟಕಿಯ ಪರದೆಯ ಹಿಂದೆ ನಿಂತು, ಅವರು ಗೇಟು ಮುಚ್ಚಿಕೊಂಡು ಹೋಗುವುದನ್ನು ನೋಡಿದೆ. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಈ ಹುಡುಗರ ದಿನಗಳು ಹೇಗೆ ಕಳೆಯುತ್ತವೆ? ಇವರನ್ನು ಕಳುಹಿಸುವವರು ಯಾರು? ನಮ್ಮ ಮನೆಯ ಚಹಾ ಅವರಿಗೆ ಏಕೆ ಬೇಡವಾಯಿತು?

ಉತ್ತರ: ಅಮ್ಮ, ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪತ್ರದಲ್ಲಿರುವ ನೋವು ಅಲ್ಲಿಯದೇ ಎಂದು ನನಗೆ ತೋರುತ್ತದೆ. ನಮ್ಮ ಕಡೆ ಮನೆಗೆ ಬಂದವರು ಹೊಸ್ತಿಲು ದಾಟದೆ, ಕೊಟ್ಟ ಚಹಾ ಮುಟ್ಟದೆ ಹೋದರೆ ಅದನ್ನು ಮುನಿಸೆಂದೋ ತಾತ್ಸಾರವೆಂದೋ ತಿಳಿಯುತ್ತೇವೆ. ಆ ಹುಡುಗರಲ್ಲಿ ಎರಡೂ ಇರಲಿಲ್ಲ. ಅವರ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ 1833ರಲ್ಲಿ ದೇವರಿಂದ ಪಡೆದನೆಂದು ಅವರು ನಂಬುವ ಆಹಾರ ನಿಯಮವೊಂದಿದೆ. ಮದ್ಯ ಮತ್ತು ತಂಬಾಕಿನ ಜೊತೆಗೆ ‘ಬಿಸಿ ಪಾನೀಯ’ಗಳನ್ನೂ ಅದು ನಿಷೇಧಿಸುತ್ತದೆ, ಮತ್ತು ಆ ಮಾತಿಗೆ ಚಹಾ, ಕಾಫಿ ಎಂದೇ ಅರ್ಥ ಹೇಳಲಾಗುತ್ತದೆ. ನೀವು ಬಿಸಿ ಹಾಲನ್ನೋ ಮಜ್ಜಿಗೆಯನ್ನೋ ತಂದಿದ್ದರೆ ಅವರು ಕುಡಿಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಇನ್ನು ಒಳಗೆ ಬಾರದಿದ್ದುದಕ್ಕೆ ಕಾರಣ, ಮನೆಯಲ್ಲಿ ನೀವು ಒಬ್ಬರೇ ಇದ್ದದ್ದು. ಹೆಣ್ಣುಮಗಳೊಬ್ಬಳೇ ಇರುವ ಮನೆಯೊಳಕ್ಕೆ, ಮತ್ತೊಬ್ಬ ವಯಸ್ಕರು ಜೊತೆಗಿಲ್ಲದೆ, ಯುವ ಪ್ರಚಾರಕರು ಕಾಲಿಡುವಂತಿಲ್ಲ. ಆಕೆ ಇಪ್ಪತ್ತರವಳಾದರೂ ಎಪ್ಪತ್ತರವಳಾದರೂ ನಿಯಮ ಒಂದೇ. ಅವರು ಮಳೆಯಲ್ಲಿ ನೆನೆದದ್ದು ನಿಮ್ಮ ಮನೆಯ ಮರ್ಯಾದೆಯನ್ನೂ ತಮ್ಮ ವ್ರತವನ್ನೂ ಕಾಯುವುದಕ್ಕಾಗಿ.

ಮಾರ್ಮನ್ ಎಂಬುದು ಜನ ಇಟ್ಟ ಹೆಸರು. ‘ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ’ ಎಂಬ ಪೂರ್ಣ ಹೆಸರಿನಿಂದಲೇ ಕರೆಯಿರಿ ಎಂದು 2018ರಿಂದ ಆ ಸಭೆಯ ಹಿರಿಯರು ಒತ್ತಿ ಹೇಳುತ್ತಿದ್ದಾರೆ. ಸಭೆ ಸ್ಥಾಪನೆಯಾದದ್ದು 1830ರ ಏಪ್ರಿಲ್ 6ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. 1844ರಲ್ಲಿ ಜೋಸೆಫ್ ಸ್ಮಿತ್‌ನನ್ನು ಉದ್ರಿಕ್ತ ಗುಂಪೊಂದು ಸೆರೆಮನೆಗೇ ನುಗ್ಗಿ ಕೊಂದ ಮೇಲೆ, ಬ್ರಿಗಮ್ ಯಂಗ್ ನಾಯಕತ್ವದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ನಡೆದು 1847ರಲ್ಲಿ ಈಗಿನ ಯೂಟಾ ರಾಜ್ಯದ ಉಪ್ಪುಸರೋವರದ ಕಣಿವೆಯಲ್ಲಿ ನೆಲೆ ನಿಂತರು. ನೀವು ಇದ್ದು ಬಂದ ಪ್ರೆಸ್ಟನ್ನಿಗೆ ಈ ಕಥೆಯಲ್ಲಿ ಬಹಳ ದೊಡ್ಡ ಸ್ಥಾನವಿದೆ. ಸಮುದ್ರ ದಾಟಿ ಬಂದ ಮೊದಲ ಮಾರ್ಮನ್ ಪ್ರಚಾರಕರು 1837ರ ಜುಲೈನಲ್ಲಿ ಲಿವರ್‌ಪೂಲ್‌ನಲ್ಲಿ ಇಳಿದು ನೇರವಾಗಿ ಆ ಊರಿಗೇ ಹೋದರು; ಅದೇ ಜುಲೈ 30ರಂದು ರಿಬ್ಬಲ್ ನದಿಯಲ್ಲಿ ಮೊದಲ ದೀಕ್ಷಾಸ್ನಾನಗಳು ನಡೆದವು. ಆಗ ಪ್ರೆಸ್ಟನ್, ಒಂದು ಕಾಲದ ನಮ್ಮ ದಾವಣಗೆರೆಯಂತೆ, ಹತ್ತಿ ಗಿರಣಿಗಳ ಸಿಳ್ಳೆಗೆ ಏಳುತ್ತಿದ್ದ ಊರು. ಗಿರಣಿಯ ಕೂಲಿಗಳೇ ಈ ಹೊಸ ಮಾತನ್ನು ಮೊದಲು ಕಿವಿಗೊಟ್ಟು ಕೇಳಿದವರು, ಮತ್ತು ಮುಂದಿನ ದಶಕಗಳಲ್ಲಿ ಸಾವಿರಾರು ಜನ ಇಂಗ್ಲೆಂಡಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದರು. ನಿಮ್ಮ ಮಗಳ ಮನೆಯ ಬೀದಿಯಲ್ಲಿ ನಡೆಯುವ ಹುಡುಗನೊಬ್ಬನ ಮುತ್ತಜ್ಜನ ಅಜ್ಜ ಅದೇ ಊರಿನವನಾಗಿದ್ದರೂ ಆಶ್ಚರ್ಯಪಡಬೇಕಾಗಿಲ್ಲ.

ಈಗ ಅವರ ವಾರಕ್ಕೆ ಬರೋಣ. ಸಾಮಾನ್ಯವಾಗಿ ಬೆಳಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಎದ್ದು ವ್ಯಾಯಾಮ, ಸ್ನಾನ, ಉಪಾಹಾರ ಮುಗಿಸಿದ ಮೇಲೆ ಒಬ್ಬೊಬ್ಬರೇ ಕುಳಿತು ಗ್ರಂಥ ಓದುತ್ತಾರೆ. ಬಳಿಕ ಇಬ್ಬರೂ ಕೂಡಿ ಓದುತ್ತಾರೆ. ಪರಭಾಷೆಯ ನಾಡಿನಲ್ಲಿದ್ದರೆ ಭಾಷಾಭ್ಯಾಸವೂ ಉಂಟು. ಹಗಲಿನ ಹೊತ್ತಿನಿಂದ ರಾತ್ರಿ ಒಂಬತ್ತರವರೆಗೆ ಬೀದಿಯೇ ಅವರ ಕಾರ್ಯಕ್ಷೇತ್ರ: ಬಾಗಿಲು ತಟ್ಟುವುದು, ಬಸ್ ನಿಲ್ದಾಣದಲ್ಲಿ ಮಾತನಾಡಿಸುವುದು, ಆಸಕ್ತಿ ತೋರಿದವರ ಮನೆಗೆ ಮತ್ತೆ ಹೋಗಿ ಪಾಠ ಹೇಳುವುದು, ವೃದ್ಧರ ಮನೆಯ ಹಿತ್ತಲಿನ ಕಳೆ ಕೀಳುವುದು. ಇಡೀ ಅವಧಿಯಲ್ಲಿ ಒಬ್ಬನೇ ಎಲ್ಲಿಗೂ ಹೋಗುವಂತಿಲ್ಲ. ಜೊತೆಗಾರನು ಸದಾ ಕಣ್ಣಳತೆಯಲ್ಲಿ, ಕೂಗಳತೆಯಲ್ಲಿ ಇರಬೇಕು. ಆ ಜೊತೆಗಾರ ಯಾರೆಂಬುದನ್ನು ಇವನು ಆರಿಸಿಕೊಳ್ಳುವುದಿಲ್ಲ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಆದೇಶ ಬರುತ್ತದೆ. ಆಗ ಊರೋ ಜೊತೆಗಾರನೋ ಎರಡೂ ಬದಲಾಗಬಹುದು. ಇಬ್ಬರನ್ನೂ ಜನ ಹೆಸರು ಹಿಡಿದು ಕರೆಯುವುದಿಲ್ಲ. ಮನೆತನದ ಹೆಸರಿನ ಮುಂದೆ ‘ಎಲ್ಡರ್’, ಅಂದರೆ ಹಿರಿಯ ಎಂಬ ಪದ ಸೇರಿಸುತ್ತಾರೆ. ಹತ್ತೊಂಬತ್ತರ ಹುಡುಗನನ್ನು ಹಿರಿಯ ಎನ್ನುವುದು ವಿಚಿತ್ರವೆನಿಸಬಹುದು, ಆದರೆ ಭಿಕ್ಷೆಗೆ ಬಂದ ಹನ್ನೆರಡರ ಜಂಗಮ ಬಾಲಕನನ್ನು ನಮ್ಮ ಹಳ್ಳಿಗಳ ಅಜ್ಜಂದಿರು ‘ಬರ್ರಿ ಅಯ್ಯನೋರೆ’ ಎಂದು ಎದ್ದು ನಿಂತು ಕರೆಯುವುದನ್ನು ನೋಡಿ ಬೆಳೆದ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರ, ಅವರಿಗೆ ‘ಸಿದ್ಧತೆಯ ದಿನ’. ಬಟ್ಟೆ ಒಗೆಯುವುದು, ಕ್ಷೌರ, ದಿನಸಿ, ಮನೆಗೆ ಪತ್ರ, ಒಂದಿಷ್ಟು ಆಟ ಎಲ್ಲವೂ ಅಂದೇ, ಅದೂ ಸಂಜೆಯವರೆಗೆ ಮಾತ್ರ. ಸಂಜೆಯಾದೊಡನೆ ಟೈ ಕಟ್ಟಿ ಮತ್ತೆ ಬೀದಿಗೆ ಇಳಿಯಬೇಕು. ಈ ಸೋಮವಾರದ ಬೆಲೆ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೆಲಸದ ನಿಮಿತ್ತ ಎರಡು ವರ್ಷ ಯೂಟಾದ ಪ್ರೊವೊ ನಗರದಲ್ಲಿದ್ದಾಗ, ಪಕ್ಕದ ಮನೆಯ ಮಗ ಫಿಲಿಪ್ಪೀನ್ಸ್‌ನಲ್ಲಿ ಪ್ರಚಾರಕನಾಗಿದ್ದ. ಆಗಿನ್ನೂ ಹಳೆಯ ನಿಯಮವಿತ್ತು: ಮನೆಗೆ ಫೋನ್ ಮಾಡುವುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಆ ಕ್ರಿಸ್‌ಮಸ್ ದಿನ ಅವನ ತಾಯಿ ಬೆಳಗಿನಿಂದ ಫೋನನ್ನು ಕೈಯಿಂದ ಕೆಳಗಿಟ್ಟಿರಲಿಲ್ಲ. ವಿಡಿಯೊ ಕರೆ ಬಂದಾಗ ಮನೆಯವರೆಲ್ಲ ಸುತ್ತ ಕುಳಿತು ಕೇಳುತ್ತಿದ್ದರು, ಆಕೆ ಮಾತ್ರ ಹೆಚ್ಚು ಮಾತನಾಡದೆ ಮಗನ ಮುಖವನ್ನೇ ನೋಡುತ್ತಿದ್ದರು. ಮಕ್ಕಳ ಮನಸ್ಸು ಕೆಲಸದಲ್ಲಿ ನಿಲ್ಲಲಿ ಎಂಬುದು ಆ ನಿಯಮದ ಉದ್ದೇಶವೆನ್ನುತ್ತಾರೆ. ನನಗೆ ಅದು ಕ್ರೂರವೆಂದೇ ಅನಿಸಿತ್ತು, ಈಗಲೂ ಅನಿಸುತ್ತದೆ. 2019ರ ಫೆಬ್ರುವರಿಯಲ್ಲಿ ಸಭೆ ಅದನ್ನು ಸಡಿಲಿಸಿ, ವಾರಕ್ಕೊಮ್ಮೆ ಸಿದ್ಧತೆಯ ದಿನದಂದು ಮನೆಯವರೊಡನೆ ಮಾತನಾಡಬಹುದೆಂದು ಹೇಳಿತು. ಆದ್ದರಿಂದ ನಿಮ್ಮ ಬಾಗಿಲಿಗೆ ಬಂದ ಹುಡುಗ ವಾರಕ್ಕೊಮ್ಮೆಯಾದರೂ ತಾಯಿಯ ದನಿ ಕೇಳುತ್ತಾನೆ ಎಂದು ನೀವು ಸಮಾಧಾನ ತಂದುಕೊಳ್ಳಬಹುದು.

ಉಳಿದ ದಿನಗಳಲ್ಲಿ ಸುತ್ತಲಿನ ಪ್ರಚಾರಕರೊಡನೆ ಒಂದು ಕೂಟ, ಮುಂದಿನ ವಾರದ ಯೋಜನೆಗೆ ಒಂದಿಷ್ಟು ಹೊತ್ತು ಇರುತ್ತವೆ. ಭಾನುವಾರ ಪ್ರಾರ್ಥನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಕ್ಕೆ ಬದಲಾಗಿ ರೊಟ್ಟಿ ಮತ್ತು ನೀರು ಹಂಚುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಉಪವಾಸವಿದ್ದು, ಉಳಿದ ಊಟದ ಹಣವನ್ನು ಬಡವರಿಗೆ ಕೊಡುತ್ತಾರೆ. ಸಿನಿಮಾ ಇಲ್ಲ, ಈಜುವಂತಿಲ್ಲ, ಪ್ರೇಮ ಪ್ರಸಂಗಗಳಿಗೆ ಎಡೆಯೇ ಇಲ್ಲ.

ಆದರೆ ವಾರದ ನಿಜವಾದ ಭಾರ ಈ ನಿಯಮಗಳದ್ದಲ್ಲ. ‘ಬೇಡ’ ಎಂಬ ಮಾತಿನದ್ದು. ಸಭೆಯೇ ಪ್ರಕಟಿಸಿದ ಲೆಕ್ಕದಂತೆ 2024ರಲ್ಲಿ ಸುಮಾರು 74,000 ಪ್ರಚಾರಕರು ಜಗತ್ತಿನಾದ್ಯಂತ ಇದ್ದರು, ಹೊಸದಾಗಿ ಸೇರಿದವರು 3 ಲಕ್ಷಕ್ಕಿಂತ ತುಸು ಹೆಚ್ಚು. ಅಂದರೆ ತಲೆಗೆ ವರ್ಷಕ್ಕೆ ನಾಲ್ಕು ಜನ. ಆ ನಾಲ್ವರನ್ನು ಮುಟ್ಟುವ ಮೊದಲು ಎಷ್ಟು ಬಾಗಿಲುಗಳು ಮುಚ್ಚಿರಬಹುದೆಂದು ಊಹಿಸಿ. ಹದಿನೆಂಟು, ಹತ್ತೊಂಬತ್ತರ ಮಕ್ಕಳು ಇದನ್ನು ದಿನಕ್ಕೆ ಹತ್ತಾರು ಸಲ ಕೇಳಿ, ರಾತ್ರಿ ಮಂಡಿಯೂರಿ ಪ್ರಾರ್ಥಿಸಿ, ಮರುದಿನ ಅದೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಾರೆ. ಅವರ ಸಿದ್ಧಾಂತವನ್ನು ನಾನು ಒಪ್ಪಿದವನಲ್ಲ. ಆದರೂ ಇದರಲ್ಲಿರುವ ನಿಷ್ಠೆಗೆ ನನ್ನ ಗೌರವವಿದೆ. ನೀವು ಬಾಗಿಲು ತೆರೆಯದಿದ್ದದ್ದು ತಪ್ಪೇನಲ್ಲ, ಅದು ಮಗಳ ಮನೆ. ಹೇಗೆ ಹೇಳಬೇಕಿತ್ತೆಂದು ಕೇಳುವುದಾದರೆ, ಪರದೆಯ ಹಿಂದಿನ ಮೌನಕ್ಕಿಂತ ನೇರವಾದ ಮಾತನ್ನೇ ಅವರು ಬಯಸುತ್ತಾರೆ: ‘ನಮಗೆ ನಮ್ಮ ಧರ್ಮ ಸಾಕು ಮಕ್ಕಳೇ, ಮತ್ತೆ ಬರಬೇಡಿ, ನೀರು ಬೇಕಾದರೆ ಕುಡಿದು ಹೋಗಿ’ ಎಂದರೆ ಅವರು ವಂದಿಸಿ ಹೊರಡುತ್ತಾರೆ, ನಿಮ್ಮ ಮನೆಗೆ ಮತ್ತೆ ಬರಲು ವ್ಯಯಿಸಬೇಕಾದ ಹೊತ್ತೂ ಅವರಿಗೆ ಉಳಿಯುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಓದುತ್ತಿರುವ ನನ್ನ ಮಗನ ಕೋಣೆಯ ಜೊತೆಗಾರ ಇದೇ ಪಂಥದವನು. ಓದನ್ನು ಎರಡು ವರ್ಷ ನಿಲ್ಲಿಸಿ ಬ್ರೆಜಿಲ್‌ಗೆ ಹೋಗಿ ಬಂದವನು. ಇದಕ್ಕೆ ಸಂಬಳವಿದೆಯೇ? ಓದುವ ವಯಸ್ಸನ್ನು ಹೀಗೆ ಕಳೆಯುವುದು ಸರಿಯೇ? — ಒಬ್ಬ ಕಿರಾಣಿ ವ್ಯಾಪಾರಿ, ಚಿತ್ರದುರ್ಗ

ಉತ್ತರ: ಸಂಬಳವಿಲ್ಲ. ಹೋಗುವವನೇ ಕೂಡಿಟ್ಟ ಹಣದಿಂದಲೋ ಹೆತ್ತವರ ನೆರವಿನಿಂದಲೋ ತಿಂಗಳು ತಿಂಗಳು ಸಭೆಗೆ ನಿಗದಿತ ಮೊತ್ತ ಕಟ್ಟಬೇಕು. ಕಟ್ಟಲಾರದವರಿಗೆ ಸಭೆಯವರು ಕೈಗೂಡಿಸುತ್ತಾರೆ. ಯಾವ ದೇಶಕ್ಕೆ ಹೋಗಬೇಕೆಂಬುದನ್ನು ತಾನು ಆರಿಸುವಂತಿಲ್ಲ, ಪತ್ರ ಬಂದಾಗಲೇ ತಿಳಿಯುವುದು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. 2012ರ ಅಕ್ಟೋಬರ್‌ನಲ್ಲಿ ಕನಿಷ್ಠ ವಯಸ್ಸನ್ನು ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದ ಬಳಿಕ ಹೋಗುವವರ ಸಂಖ್ಯೆ, ಅದರಲ್ಲೂ ಹುಡುಗಿಯರ ಸಂಖ್ಯೆ, ಬಹಳ ಏರಿತು.

ಹೊರಡುವ ಮುನ್ನ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಕಳೆಯಬೇಕು. ಹೊಸ ಭಾಷೆ ಕಲಿಯಬೇಕಾದವರಿಗೆ ಆ ಅವಧಿ ಹೆಚ್ಚು. ಪ್ರೊವೊದಲ್ಲಿರುವ ಕೇಂದ್ರ ಇವುಗಳಲ್ಲಿ ದೊಡ್ಡದು. ಅಲ್ಲಿ ಕಲಿತದ್ದು ಅಡಿಪಾಯ ಮಾತ್ರ, ಭಾಷೆ ನಿಜವಾಗಿ ಬರುವುದು ಬೀದಿಯಲ್ಲಿ. ಜರ್ಮನಿಯಿಂದ ಬಾಸೆಲ್ ಮಿಷನ್ನಿನ ಪ್ರಚಾರಕನಾಗಿ 1853ರಲ್ಲಿ ಬಂದ ಇಪ್ಪತ್ತೊಂದರ ಕಿಟ್ಟೆಲ್ ನಮ್ಮ ಜನರ ನಡುವೆ ಓಡಾಡಿ ಕನ್ನಡ ಕಲಿತು, 1894ರಲ್ಲಿ ನಿಘಂಟನ್ನು ನಮ್ಮ ಕೈಗಿಟ್ಟದ್ದನ್ನು ನೆನೆದರೆ ಇದು ನಿಮಗೆ ತಿಳಿಯುತ್ತದೆ. ನಿಮ್ಮ ಮಗನ ಗೆಳೆಯನೂ ಪೋರ್ಚುಗೀಸ್ ಭಾಷೆಯನ್ನು ಪುಸ್ತಕದಿಂದ ಕಲಿತವನಿಗಿಂತ ಚೆನ್ನಾಗಿ ಆಡುತ್ತಿರಬೇಕು. ಆದ್ದರಿಂದ ಆ ಎರಡು ವರ್ಷ ವ್ಯರ್ಥವಾಯಿತೆಂದು ನಾನು ಹೇಳಲಾರೆ. ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಹೋಗುವುದು ಹುಡುಗರ ಕರ್ತವ್ಯ ಎಂದು ಬಾಲ್ಯದಿಂದಲೇ ಕಿವಿಯಲ್ಲಿ ಊದುವುದರಿಂದ, ಹೋಗಲು ಮನಸ್ಸಿಲ್ಲದವನಿಗೆ ಹಾಗೆ ಹೇಳುವ ಧೈರ್ಯ ಬರುವುದು ಕಷ್ಟ. ಕಾಯಿಲೆಯಿಂದಲೋ ಮನಸ್ಸು ಕುಗ್ಗಿಯೋ ಅರ್ಧದಲ್ಲೇ ಮರಳಿದವನನ್ನು ನೆರೆಹೊರೆಯವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ, ಇದನ್ನು ಪ್ರೊವೊದಲ್ಲಿ ನಾನು ಕಂಡಿದ್ದೇನೆ. ಅಂಥವರಿಗಾಗಿ ಮನೆಯಿಂದಲೇ ಮಾಡುವ ಸೇವಾ ಅವಕಾಶಗಳು ಈಗ ಇವೆ. ಪಿ.ಯು.ಸಿ. ಅಂಕ ಕಡಿಮೆ ಬಂದ ಮಗ ಮದುವೆ ಮನೆಗಳಿಗೆ ಬರಲು ಹಿಂಜರಿಯುವುದನ್ನು ಕಂಡ ನಮಗೆ ಆ ಹುಡುಗರ ಸಂಕಟ ದೂರದ್ದಲ್ಲ.

ಪ್ರಶ್ನೆ: ಹೀಗೆ ಊರೂರು ತಿರುಗಿ ಧರ್ಮ ಹೇಳುವ ಪದ್ಧತಿ ಹೊರಗಿನವರದು, ನಮ್ಮ ನೆಲದ್ದಲ್ಲ ಎಂದು ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನೀವು ಏನನ್ನುತ್ತೀರಿ? — ಇತಿಹಾಸ ಉಪನ್ಯಾಸಕಿ, ಮೊಳಕಾಲ್ಮುರು

ಉತ್ತರ: ಭಿಕ್ಷೆಗೆ ಬರುವ ಜಂಗಮರು ಹೆಚ್ಚಾಗಿ ತಮ್ಮ ಭಕ್ತರ ಮನೆಗೇ ಬರುತ್ತಾರೆ, ಮಾರ್ಮನ್ ಹುಡುಗರು ಅಪರಿಚಿತರ ಮನೆಗೆ ಹೋಗುತ್ತಾರೆ; ಈ ವ್ಯತ್ಯಾಸವನ್ನು ಒಪ್ಪಲೇಬೇಕು. ಆದರೆ ಧರ್ಮ ಹೇಳುತ್ತ ತಿರುಗುವುದು ನಮ್ಮ ನೆಲಕ್ಕೆ ಹೊಸದಲ್ಲ, ಅದಕ್ಕೆ ಉತ್ತರ ನಿಮ್ಮ ತಾಲ್ಲೂಕಿನ ಬಂಡೆಗಳ ಮೇಲೆಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿರುವ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನಗಳು, ಅವನ ದಕ್ಷಿಣ ಪ್ರಾಂತ್ಯದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿಯಿಂದ ಈ ಭಾಗದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಸಂದೇಶ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂದು ಅದು ಹೇಳುತ್ತದೆ; ಈ ಪ್ರಯತ್ನ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎನ್ನುತ್ತದೆ. ಅದೇ ಶಾಸನದಲ್ಲಿ 256 ಎಂಬ ಅಂಕಿ ಕೆತ್ತಲಾಗಿದೆ. ಅದು ಮನೆ ಬಿಟ್ಟು ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರು ಅರ್ಥ ಹೇಳಿದ್ದಾರೆ. ಪ್ರೆಸ್ಟನ್ನಿನ ಹುಡುಗರ ಲೆಕ್ಕದಲ್ಲಿ ಆ ರಾತ್ರಿಗಳು 730.