ಕ್ಲಬ್ ಹೌಸ್ ಬಿಡಿ, ನಿಮ್ಮ ಲೇಔಟಿನ ಪಾರ್ಕ್ ಎಲ್ಲಿದೆ ಹೇಳಿ

ಎಂಟು ಎಕರೆಯಲ್ಲಿ ಲೇಔಟ್ ಮಾಡುತ್ತಿದ್ದೀರಿ, ಬಂದವರಿಗೆ ನಮ್ಮ ಏರಿಯಾ ಅನ್ನಿಸಬೇಕಾದರೆ ಕ್ಲಬ್ ಹೌಸ್ ಹಾಕಲಾ, ಕಾರಂಜಿ ಹಾಕಲಾ ಅಂತ ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಿದ್ದೆ.

ಬೆಂಗಳೂರಿನ ಕನಕಪುರ ರಸ್ತೆ ಕಡೆ ಒಂದು ಸಣ್ಣ ಲೇಔಟಿನ ನಕ್ಷೆ ಬರೆದವನು ನಾನು. ಈಗ ಅಲ್ಲೇ ಮನೆ ಕಟ್ಟಿಕೊಂಡಿದ್ದೇನೆ. ಮಾಡಿದ ತಪ್ಪು ದಿನಾ ಕಣ್ಣಿಗೆ ಬೀಳುತ್ತದೆ.

ಮೊದಲು ಸೈಟುಗಳನ್ನು ಗುರುತು ಮಾಡಿದೆ, ಸಾಲಾಗಿ 30×40 ಅಡಿಯವು. ಕೊನೆಗೆ ಮಳೆನೀರು ಹರಿಯುವ ರಾಜಕಾಲುವೆ ಪಕ್ಕ ಮೂರು ಮೂಲೆಯ ತುಂಡೊಂದು ಉಳಿಯಿತು. ಅದರಲ್ಲಿ ಸೈಟ್ ಕೂರುವುದಿಲ್ಲ. ಪಾರ್ಕಿಗೆ ಜಾಗ ಬಿಡಲೇಬೇಕಲ್ವಾ, ಅದನ್ನೇ ಬಿಟ್ಟೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಆ ಪಾರ್ಕಿನ ಕಡೆ ಒಂದು ಮನೆಯ ಮುಂಬಾಗಿಲೂ ಇಲ್ಲ. ಸುತ್ತ ಹಿಂಬದಿ ಕಾಂಪೌಂಡ್, ಬಚ್ಚಲ ಕಿಟಕಿಗಳು. ರಸ್ತೆ ಅಲ್ಲಿಗೇ ಮುಗಿಯುತ್ತದೆ, ಹಾಗಾಗಿ ಹಾಲು ತರಲು ಹೊರಟವರು ಕೂಡ ಅದರ ಮುಂದೆ ಹಾಯುವುದಿಲ್ಲ. ಆಡುವ ಮಗು ಅಡುಗೆಮನೆಯಿಂದ ಕಾಣಿಸುವುದಿಲ್ಲ, ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೇ ಮಕ್ಕಳನ್ನು ಕಳಿಸುವುದಿಲ್ಲ. ಮಕ್ಕಳಿಲ್ಲದ ಮೇಲೆ ಅಜ್ಜ ಅಜ್ಜಿಯರು ಯಾಕೆ ಹೋಗುತ್ತಾರೆ? ಕತ್ತಲಾದ ಮೇಲೆ ಕುಡಿಯುವವರು ಬಂದು ಕೂರುತ್ತಾರೆ, ಬೆಳಿಗ್ಗೆ ಬಾಟಲಿ ಹೆಕ್ಕುತ್ತೇವೆ. ಲೈಟ್ ಹಾಕಿಸಿದೆವು, ಬೆಂಚ್ ಹಾಕಿಸಿದೆವು. ಏನೂ ಬದಲಾಗಲಿಲ್ಲ.

ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೆ ಒಂದು ಸಂಜೆ ಹೋಗಿ ಬನ್ನಿ. 1898ರ ಪ್ಲೇಗ್ ನಂತರ ಪೇಟೆಯ ಜನ ಹೋಗಿ ನೆಲೆಸಿದ ಬಡಾವಣೆ ಅದು. ಪಾರ್ಕ್ ಮನೆಗಳ ನಡುವೆ ಇದೆ. ಗಾಂಧಿ ಬಜಾರಿಗೆ ಹೊರಟವರು ಅದರ ಪಕ್ಕವೇ ಹಾಯುತ್ತಾರೆ, ಗುರುತಿನವರು ಸಿಕ್ಕರೆ ಚೀಲ ಹಿಡಿದುಕೊಂಡೇ ನಿಂತು ಮಾತಾಡುತ್ತಾರೆ.

ನಮ್ಮಲ್ಲಿ ಜನ ಸೇರುವುದು ಗೇಟಿನ ಹತ್ತಿರ, ಹೊಂಗೆ ಮರದ ಕೆಳಗಿನ ಇಸ್ತ್ರಿ ಗಾಡಿಯ ಮುಂದೆ. ನನ್ನ ನಕ್ಷೆಯಲ್ಲಿ ಅದು ಇರಲೇ ಇಲ್ಲ. ನಮ್ಮ ಅಮ್ಮನಿಗೆ ಇಲ್ಲಿ ಪರಿಚಯವಾದವರೆಲ್ಲ ಬಟ್ಟೆ ಕೊಡಲು ಹೋದಾಗ ಸಿಕ್ಕವರೇ.

ಕ್ಲಬ್ ಹೌಸ್ ಸುಮ್ನೆ ಬೀಗ ಹಾಕಿದ ಕೋಣೆ ಆಗುತ್ತದೆ, ಬೇಡ. ಮೊದಲು ನಡುವೆ ಪಾರ್ಕ್ ಗುರುತು ಮಾಡಿ. ಸುತ್ತ ರಸ್ತೆ ಬರಲಿ, ಮನೆಗಳ ಬಾಗಿಲು ಆ ಕಡೆ ತಿರುಗಲಿ. ಸೈಟ್ ಆಮೇಲೆ. ಪಾರ್ಕಿನ ಎದುರಿನ ಒಂದು ಕಾರ್ನರ್ ಸೈಟನ್ನು ಹಾಲು, ಸೊಪ್ಪು, ಇಸ್ತ್ರಿ ಅಂಗಡಿಗೆ ಇಡಿ. ಕಾರ್ನರಿಗೆ ರೇಟ್ ಜಾಸ್ತಿ, ನಿಮ್ಮ ಪಾಲುದಾರರು ಒಪ್ಪುವುದಿಲ್ಲ, ಗೊತ್ತು. ಆ ಜಗಳವನ್ನು ನಕ್ಷೆ ಮಂಜೂರಿಗೆ ಕೊಡುವ ಮೊದಲೇ ಆಡಿ ಮುಗಿಸಿ. ಸೈಟುಗಳು ರಿಜಿಸ್ಟರ್ ಆದ ಮೇಲೆ ಪಾರ್ಕನ್ನು ಒಂದಡಿ ಸರಿಸಲೂ ನನ್ನ ಕೈಲಿ ಆಗಲಿಲ್ಲ.