ಇಮೇಲ್ ಯಾರ ಹತ್ತಿರ ಇಡಬೇಕು? ಶಿರಸಿಯ ಓದುಗರಿಗೆ ಸಂಪಾದಕರ ಉತ್ತರ

ಪತ್ರ: “ನಾನು ನಿವೃತ್ತ ಶಿಕ್ಷಕಿ, ಶಿರಸಿ ತಾಲೂಕಿನವಳು. ನನ್ನ ಜಿಮೇಲ್ ತುಂಬಿ ಬ್ಯಾಂಕಿನ ಮೇಲ್ ಬರುವುದೇ ನಿಂತಿದೆ. ಗೂಗಲ್ ನಮ್ಮ ಪತ್ರ ಓದುತ್ತದೆ, ಪ್ರೋಟಾನ್‌ಗೆ ಹೋಗು ಅಂತ ಮಗ ಹೇಳುತ್ತಾನೆ. ತಮ್ಮ ಜೋಹೋ ಅನ್ನುತ್ತಾನೆ. ಗುಟ್ಟು ಉಳಿಯಬೇಕು, ನಾಳೆ ಮುಚ್ಚಿಹೋಗಬಾರದು. ವರ್ಷಕ್ಕೆ ಎರಡು ಸಾವಿರದವರೆಗೆ ಕೊಡಬಲ್ಲೆ. ಯಾವುದು ತಗೊಳ್ಳಲಿ? ಹಳೆಯದನ್ನು ಅಳಿಸಿಬಿಡಲೇ?”

ಅಕ್ಕೋರೇ, ನಮಸ್ಕಾರ.

ಕಂಪನಿಯ ಮಾತು ಆಮೇಲೆ. ಮೊದಲು ತುಂಬಿದ ಪೆಟ್ಟಿಗೆ ಖಾಲಿಯಾಗಲಿ. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ ಲೆಕ್ಕಕ್ಕೆ ಬರುತ್ತದೆ. ಮದುವೆ, ಉಪನಯನದ ವಿಡಿಯೋಗಳು ಅಲ್ಲಿಂದಲೇ ಬಂದು ಕೂತಿರುತ್ತವೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ವಿಡಿಯೋ ಸೇರಿಸುವ ಗುಂಡಿ ಆಫ್ ಮಾಡಿ, ಒಮ್ಮೆ ಹೊಸದಾಗಿ ಬ್ಯಾಕಪ್ ಕೊಡಿ. ಜಿಮೇಲ್‌ನಲ್ಲಿ ಡಿಲೀಟ್ ಮಾಡಿದ್ದು ಟ್ರ್ಯಾಶ್‌ನಲ್ಲಿ 30 ದಿನ ಜಾಗ ಹಿಡಿದೇ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು. ಪೆಟ್ಟಿಗೆ ತುಂಬಿದ್ದಾಗ ಬಂದ ಮೇಲ್ ಕಳಿಸಿದವರಿಗೇ ವಾಪಸ್ ಹೋಗಿರುತ್ತದೆ. ಆ ತಿಂಗಳುಗಳ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದ ಮತ್ತೆ ಕೇಳಿ ಪಡೆಯಿರಿ.

ಇನ್ನು ಗುಟ್ಟಿನ ಪ್ರಶ್ನೆ. ಜಾಹೀರಾತಿಗಾಗಿ ಜಿಮೇಲ್ ಪತ್ರಗಳ ಒಳಗನ್ನು ಜಾಲಾಡುವುದನ್ನು ನಿಲ್ಲಿಸುವುದಾಗಿ ಗೂಗಲ್ 2017ರಲ್ಲಿ ಹೇಳಿತು. ಆದರೂ ಪತ್ರಗಳ ಬೀಗದ ಕೈ ಅವರ ಹತ್ತಿರವೇ ಇದೆ. ಸ್ಪ್ಯಾಮ್ ಹಿಡಿಯಲು, ಹುಡುಕಾಟಕ್ಕೆ ಯಂತ್ರಗಳು ಓದುತ್ತವೆ. ನಿಮ್ಮ ಮಗ ಹೇಳುವ ಪ್ರೋಟಾನ್ ಸ್ವಿಟ್ಜರ್‌ಲ್ಯಾಂಡಿನ ಜಿನೀವಾದ್ದು, 2014ರಲ್ಲಿ ಶುರುವಾದದ್ದು. ಅಲ್ಲಿ ಉಳಿದ ಪತ್ರವನ್ನು ಕಂಪನಿಯೂ ತೆರೆದು ಓದಲಾರದು. ಹಾಗಂತ ಎಲ್ಲವೂ ಗುಟ್ಟು ಎಂದುಕೊಳ್ಳಬೇಡಿ. ಎರಡೂ ಕಡೆಯವರು ಪ್ರೋಟಾನ್ ಬಳಸಿದರೆ ಮಾತ್ರ ಪತ್ರ ತಾನಾಗಿಯೇ ಈ ತುದಿಯಿಂದ ಆ ತುದಿಯವರೆಗೆ ಬೀಗದಲ್ಲಿ ಹೋಗುತ್ತದೆ. ಬ್ಯಾಂಕಿನಿಂದ ಬಂದ ಪತ್ರದ ಒಂದು ಪ್ರತಿ ಬ್ಯಾಂಕಿನಲ್ಲಿ ಇದ್ದೇ ಇರುತ್ತದೆ. ವಿಷಯದ ಸಾಲಿಗೂ ಅಂಥ ಬೀಗ ಇಲ್ಲ. ಜರ್ಮನಿಯ ಟೂಟಾ ಎಂಬ ಮೇಲ್ ಸೇವೆ ವಿಷಯದ ಸಾಲನ್ನೂ ಮುಚ್ಚುತ್ತದೆ, ಆದರೆ ಅದರ ಪುಕ್ಕಟೆ ಖಾತೆಯನ್ನು ಆರು ತಿಂಗಳು ತೆರೆಯದಿದ್ದರೆ ಅಳಿಸಿಹಾಕುತ್ತಾರೆ.

ಪ್ರೋಟಾನ್‌ನಲ್ಲಿ ಜನ ಎಡವುವ ಜಾಗ ಬೇರೆಯೇ ಇದೆ. ಪಾಸ್‌ವರ್ಡ್ ಮರೆತು ಫೋನ್ ನಂಬರಿನಿಂದ ಹೊಸದು ಮಾಡಿಕೊಂಡರೆ ಖಾತೆಯೇನೋ ತೆರೆಯುತ್ತದೆ, ಹಳೆಯ ಪತ್ರಗಳು ಮಾತ್ರ ತೆರೆಯುವುದಿಲ್ಲ. ಕಂಪನಿಗೇ ಓದಲಾಗದ ಬೀಗ ಎಂದರೆ ಅರ್ಥವೇ ಅದು. ಖಾತೆ ಮಾಡಿದ ದಿನವೇ ಅದು ಕೊಡುವ 12 ಪದಗಳ ರಿಕವರಿ ಫ್ರೇಸ್ ಬರೆದಿಟ್ಟಿದ್ದರೆ ಬಚಾವ್. ಇನ್ನೊಂದು ಸಂಗತಿ ನಮ್ಮ ರಾಜ್ಯದ್ದೇ: 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಪ್ರೋಟಾನ್ ಮೇಲನ್ನು ಭಾರತದಲ್ಲಿ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ಪಿಂಚಣಿ, ಆದಾಯ ತೆರಿಗೆ, ಎಲ್‌ಐಸಿಯ ಪತ್ರ ಬರುವ ಏಕೈಕ ವಿಳಾಸವನ್ನು ಇಂಥ ತೂಗುಯ್ಯಾಲೆಯ ಮೇಲೆ ಇಡುವುದು ನಮಗೆ ಸರಿ ಕಾಣುವುದಿಲ್ಲ. ಆಪ್ತರ ಪತ್ರಕ್ಕೆ ಎರಡನೇ ಪೆಟ್ಟಿಗೆಯಾಗಿ ಇಟ್ಟುಕೊಳ್ಳಿ, ಚೆನ್ನಾಗಿದೆ.

ಮುಚ್ಚಿಹೋಗುವ ಭಯವೂ ಸುಳ್ಳಲ್ಲ. ಖಾಸಗಿತನಕ್ಕೇ ಹೆಸರಾಗಿದ್ದ ಸ್ಕಿಫ್ ಎಂಬ ಸೇವೆಯನ್ನು 2024ರ ಫೆಬ್ರವರಿಯಲ್ಲಿ ಇನ್ನೊಂದು ಕಂಪನಿ ಕೊಂಡಿತು, ಆರು ತಿಂಗಳಲ್ಲಿ ಮುಚ್ಚಿತು. ವಿಎಫ್‌ಇಮೇಲ್ ಎಂಬುದರ ಸರ್ವರುಗಳನ್ನು 2019ರಲ್ಲಿ ದಾಳಿಕೋರರು ಬ್ಯಾಕಪ್ ಸಮೇತ ಒರೆಸಿಹಾಕಿದರು. ಹಾಗಾಗಿ ನಮ್ಮ ಸಲಹೆ ಕಂಪನಿಯ ಹೆಸರಿನಿಂದ ಶುರುವಾಗುವುದಿಲ್ಲ. ವಿಳಾಸ ನಿಮ್ಮದೇ ಆಗಿರಲಿ. ನಿಮ್ಮ ಹೆಸರಿನಲ್ಲಿ ಡಾಟ್ ಇನ್ ಡೊಮೇನ್ (ವಿಳಾಸದಲ್ಲಿ ಅಟ್ ಚಿಹ್ನೆಯ ನಂತರ ಬರುವ ಹೆಸರು) ಒಂದನ್ನು ಕೊಳ್ಳಿ; ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಸೇವೆ ಕೊಡುವ ಕಂಪನಿ ನಾಳೆ ಕೈಕೊಟ್ಟರೂ ಬೇರೆ ಕಡೆ ಹೋಗಬಹುದು, ವಿಳಾಸ ಬದಲಾಗುವುದಿಲ್ಲ, ಬ್ಯಾಂಕಿಗೆ ಮತ್ತೆ ಅಲೆಯಬೇಕಿಲ್ಲ.

ಆ ಡೊಮೇನಿನ ಹಿಂದೆ ಮೇಲ್ ಸೇವೆಯಾಗಿ ಕೂರಿಸಲು ನಿಮ್ಮ ತಮ್ಮ ಹೇಳಿದ ಜೋಹೋ ಸಾಕು. ಚೆನ್ನೈ ಮೂಲದ ಕಂಪನಿ, ಜಾಹೀರಾತಿಲ್ಲ. ಪ್ರೋಟಾನ್‌ನಂಥ ಬೀಗ ಇಲ್ಲ ಎಂಬುದು ಗೊತ್ತಿರಲಿ. ಲೈಟ್ ಎಂಬ ಕಡಿಮೆ ದರದ ಯೋಜನೆ ತಗೊಳ್ಳಿ, ತಿಂಗಳಿಗೆ ನೂರು ರೂಪಾಯಿಯೊಳಗೇ ಬರುತ್ತದೆ. ಡೊಮೇನಿನ ಜೊತೆಗಿನ ಪುಕ್ಕಟೆ ಯೋಜನೆಯಲ್ಲಿ ಐಮ್ಯಾಪ್ (ಬೇರೆ ತಂತ್ರಾಂಶದಿಂದಲೂ ಪೆಟ್ಟಿಗೆ ತೆರೆಯುವ ವ್ಯವಸ್ಥೆ) ಇಲ್ಲ, ಮಲೆನಾಡಿನ ಮಳೆಗಾಲಕ್ಕೆ ಅದು ಬೇಕೇ ಬೇಕು. ಐಮ್ಯಾಪ್ ಇದ್ದರೆ ಥಂಡರ್‌ಬರ್ಡ್ ಎಂಬ ಪುಕ್ಕಟೆ ತಂತ್ರಾಂಶ ಪತ್ರಗಳ ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೇ ಇಳಿಸಿಡುತ್ತದೆ. ನೆಟ್ ಹೋದ ದಿನವೂ ಓದಬಹುದು. ಆಸ್ಟ್ರೇಲಿಯಾದ ಫಾಸ್ಟ್‌ಮೇಲ್ ಹಳೆಯದು, ಗಟ್ಟಿಯಾದದ್ದು, ಆದರೆ ನಿಮ್ಮ ಎರಡು ಸಾವಿರಕ್ಕೆ ಸಿಗುವುದಿಲ್ಲ. ಬರ್ಲಿನ್ನಿನ ಪೋಸ್ಟಿಯೋ ತಿಂಗಳಿಗೆ ಒಂದು ಯೂರೋಗೆ ಸಿಗುತ್ತದೆ, ಸ್ವಂತ ಡೊಮೇನಿಗೆ ಅವಕಾಶವಿಲ್ಲ. ವಿದೇಶದ ಯಾವ ಸೇವೆಯಾದರೂ ನಮ್ಮ ಕಾರ್ಡುಗಳಿಂದ ತಾನಾಗಿ ಹಣ ಕಡಿತವಾಗುವುದನ್ನು ನಂಬಬೇಡಿ. ಹೋದ ವರ್ಷ ಹೋದದ್ದು ಈ ವರ್ಷ ಹೋಗದೆ ಇರಬಹುದು. ವರ್ಷದ ಹಣವನ್ನು ನೀವೇ ಕಟ್ಟಿ.

ಜೋಡಿಸುವ ಕೆಲಸವನ್ನು ಮಗನಿಗೆ ಹೇಳಿ, ಒಂದು ಗಂಟೆಯದು. ಡೊಮೇನ್ ಮಾರಿದವರ ಪುಟದಲ್ಲಿ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ಎಂಬ ಮೂರು ದಾಖಲೆಗಳನ್ನು ಜೋಹೋ ಹೇಳಿದಂತೆ ಹಾಕಬೇಕು. ಎಂಎಕ್ಸ್ ತಪ್ಪಿದರೆ ಮೇಲ್ ಬರುವುದಿಲ್ಲ. ಉಳಿದೆರಡು ಮೇಲ್ ನಿಜವಾಗಿ ನಿಮ್ಮ ಡೊಮೇನಿನದೇ ಎಂದು ತೋರಿಸುವಂಥವು; ತಪ್ಪಿದರೆ ನೀವು ಕಳಿಸಿದ್ದು ಸ್ಪ್ಯಾಮಿಗೆ ಬೀಳುತ್ತದೆ. ಎಸ್‌ಪಿಎಫ್ ಒಂದೇ ಇರಬೇಕು. ಹಳೆಯದನ್ನು ತೆಗೆಯದೆ ಇನ್ನೊಂದು ಸೇರಿಸಿದರೆ ಎರಡೂ ಕೆಡುತ್ತವೆ. ಡೊಮೇನ್ ಮಾರುವವರ ಖಾತೆಗೆ ಇದೇ ಹೊಸ ವಿಳಾಸ ಕೊಡಬೇಡಿ, ಜಿಮೇಲ್ ಕೊಡಿ. ಅವಧಿ ಮುಗಿದ ದಿನ ಹೊಸ ವಿಳಾಸ ಸತ್ತಿರುತ್ತದೆ, “ಹಣ ಕಟ್ಟಿ” ಎಂಬ ಸೂಚನೆಯೂ ಆ ಸತ್ತ ಪೆಟ್ಟಿಗೆಗೇ ಹೋಗುತ್ತದೆ. ಡಾಟ್ ಇನ್ ಹೆಸರನ್ನು ಒಮ್ಮೆಗೇ 10 ವರ್ಷದವರೆಗೆ ನೋಂದಾಯಿಸಬಹುದು; ಐದು ವರ್ಷದ್ದಾದರೂ ಕಟ್ಟಿಡಿ.

ಹೆಸರು ಚಿಕ್ಕದಿರಲಿ. ನಮ್ಮ ಕಡೆ ಹೆಗಡೆ, ಭಟ್ಟ, ನಾಯ್ಕ ಎಲ್ಲಕ್ಕೂ ಇಂಗ್ಲಿಷಿನಲ್ಲಿ ಎರಡು ಮೂರು ಕಾಗುಣಿತ. ಡೊಮೇನಿನಲ್ಲಿ ಅಡ್ಡಹೆಸರು ಹಾಕಿದರೆ ಬ್ಯಾಂಕಿನ ಕೌಂಟರಿನಲ್ಲಿ ಒಂದಕ್ಷರ ಬಿಟ್ಟುಹೋಗಿ ನಿಮ್ಮ ಮೇಲ್ ಎಲ್ಲಿಗೋ ಹೋಗುತ್ತದೆ. ಅಟ್ ಚಿಹ್ನೆಯ ಮುಂದೆ ಏನೇ ಹೇಳಿದರೂ ಅಭ್ಯಾಸಬಲದಿಂದ ಜಿಮೇಲ್ ಡಾಟ್ ಕಾಮ್ ಎಂದು ಒತ್ತುವವರೂ ಇದ್ದಾರೆ. ಬರೆದುಕೊಟ್ಟು, ಪರದೆಯ ಮೇಲೆ ನೋಡಿಯೇ ಎದ್ದು ಬನ್ನಿ.

ಇಷ್ಟೆಲ್ಲ ಮಾಡಿಯೂ ಖಾತೆ ಕೈತಪ್ಪುವುದು ರಿಕವರಿ ನಂಬರಿನಿಂದ, ಅಂದರೆ ಪಾಸ್‌ವರ್ಡ್ ಮರೆತಾಗ ಖಾತೆ ಮರಳಿ ಪಡೆಯಲು ಕೊಟ್ಟ ಮೊಬೈಲ್ ನಂಬರಿನಿಂದ. ಪೇಟೆಯ ಸೈಬರ್ ಅಂಗಡಿಯಲ್ಲಿ ಯಾರೋ ಮಾಡಿಕೊಟ್ಟ ಖಾತೆಯಾದರೆ ಅಲ್ಲಿ ಅಂಗಡಿಯವರ ಮೊಬೈಲ್ ನಂಬರೇ ಕೂತಿರಬಹುದು. ಯಾವ ಬೀಗ ಹಾಕಿದರೂ ಕೈ ಅವರ ಹತ್ತಿರ ಇದ್ದಂತೆ. ಈವತ್ತೇ ನೋಡಿ, ಬದಲಿಸಿ. ನಿಲ್ಲಿಸಿದ ಸಿಮ್‌ನ ನಂಬರು 90 ದಿನಗಳ ಆಚೆ ಬೇರೆಯವರಿಗೆ ಹೋಗಬಹುದು, ಹಳೆಯ ನಂಬರಿದ್ದರೆ ತೆಗೆದುಹಾಕಿ. ಎರಡನೇ ಹಂತದ ಪರಿಶೀಲನೆಗೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಇಟ್ಟುಕೊಳ್ಳಿ. 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಆ ಕೋಡಿಗೆ ಟವರ್ ಬೇಕಿಲ್ಲ, ಫೋನಿನ ಗಡಿಯಾರ ಸರಿಯಿದ್ದರೆ ಸಾಕು. ಗಡಿಯಾರ ಹಿಂದೆಮುಂದೆ ಇದ್ದರೆ ಕೋಡ್ ಸರಿಯಿದ್ದೂ ತಪ್ಪೆನ್ನುತ್ತದೆ. ಫೋನ್ ಕೈಲಿಲ್ಲದಾಗ ಬಳಸಲು ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಪೆನ್ಸಿಲಿನಲ್ಲಿ ಬರೆದು ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಕವರಿನಲ್ಲಿಡಿ. ಆಷಾಢದ ತಂಪಿಗೆ ಇಂಕು ಹರಡಿಬಿಡುತ್ತದೆ.

ವಿಳಾಸ ಬದಲಿಸುವಾಗ ಬ್ಯಾಂಕ್ ಮೊದಲು, ಆಮೇಲೆ ಆದಾಯ ತೆರಿಗೆ, ಪ್ಯಾನ್, ಎಲ್‌ಐಸಿ. ಒಂದನ್ನು ಬದಲಿಸಿ, ಅಲ್ಲಿಂದ ಹೊಸ ಪೆಟ್ಟಿಗೆಗೆ ಒಂದು ಮೇಲ್ ಬಂದ ಮೇಲೆಯೇ ಮುಂದಿನದಕ್ಕೆ ಹೋಗಿ. ಅಲ್ಲಿಯವರೆಗೆ ಜಿಮೇಲಿಗೆ ಬರುವುದನ್ನು ಹೊಸದಕ್ಕೆ ಫಾರ್ವರ್ಡ್ ಮಾಡಿಡಿ.

ಹಳೆಯದನ್ನು ಅಳಿಸಬೇಡಿ. ಫೋನಿನ ಪ್ಲೇ ಸ್ಟೋರ್ ಅದರ ಮೇಲೆಯೇ ನಿಂತಿದೆ, ಡೊಮೇನಿನ ಸೂಚನೆ ಬರುವುದೂ ಅಲ್ಲಿಗೇ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು, ಆದ್ದರಿಂದ ಆಗಾಗ ಒಳಗೆ ಹೋಗಿ ಒಂದೆರಡು ಮೇಲ್ ತೆರೆದು ಬನ್ನಿ.

— ಸಂಪಾದಕರು